ಹಾಸ್ಟೆಲ್ ಕೋತಿಗಳ ಅಕಾಡೆಮಿಕ್ ಕ್ಯಾಲೆಂಡರ್

ಹೋದ ವರ್ಷ ಮಾರ್ಚ್‌ನಲ್ಲಿ ನನ್ನ ರೂಮ್‌ಮೇಟ್‌ನ ಬ್ಯಾಗು ಕಿಟಕಿಯಿಂದ ಹೊರಗೆ ಹೋಯ್ತು. ಒಳಗಿದ್ದದ್ದು ಅರ್ಧ ಪ್ಯಾಕೆಟ್ ಬಿಸ್ಕೆಟ್, ಎರಡು ಬಾಳೆಹಣ್ಣು, ಮತ್ತೆ ಮಾರನೇ ದಿನ ಸೈನ್ ಮಾಡಿಸಬೇಕಿದ್ದ ಲ್ಯಾಬ್ ರೆಕಾರ್ಡ್. ಬಿಸ್ಕೆಟ್ಟು, ಬಾಳೆಹಣ್ಣು ಎರಡು ನಿಮಿಷದಲ್ಲಿ ಖಾಲಿ. ರೆಕಾರ್ಡು ಮಾತ್ರ ಮೂರನೇ ಮಹಡಿಯ ಸಜ್ಜೆ ಮೇಲೆ ಹಾಳೆ ಹಾಳೆಯಾಗಿ ಬಿದ್ದಿತ್ತು. "ಕೋತಿ ಹರಿದು ಹಾಕ್ತು ಸರ್" ಅಂದರೆ ಯಾವ ಮೇಷ್ಟ್ರು ನಂಬ್ತಾರೆ? ಫೋಟೋ ತೋರಿಸಿದ ಮೇಲೆ ನಂಬಿದರು, ನಕ್ಕರು, ಪೂರ್ತಿ ಮತ್ತೆ ಬರೆಸಿದರು.

ಆ ರಾತ್ರಿ ಹಾಸ್ಟೆಲ್ ಗ್ರೂಪಲ್ಲಿ ಚರ್ಚೆಯೋ ಚರ್ಚೆ. "ಹಿಡಿಸಿ ಬನ್ನೇರುಘಟ್ಟಕ್ಕೆ ಬಿಡಿಸಿ" ಅಂತ ಅರ್ಧ ಜನ. "ಹಿಂದಿನ ಅರಳಿಮರ ಕಡಿದರೆ ತಾನೇ ಹೋಗ್ತವೆ" ಅಂತ ಇನ್ನರ್ಧ. ಆ ಮರ ಇರೋ ಜಾಗದಲ್ಲಿ ಟೂ ವೀಲರ್ ಪಾರ್ಕಿಂಗ್ ಬರಬೇಕು ಅನ್ನೋ ಮಾತು ಮೊದಲಿಂದ ಇದ್ದೇ ಇತ್ತು. ಈಗ ಅದಕ್ಕೆ ಕೋತಿಗಳ ಕಾರಣವೂ ಸೇರಿಕೊಳ್ತು.

ಬೆಳಗ್ಗೆ ಗಿಡಕ್ಕೆ ನೀರು ಬಿಡ್ತಿದ್ದ ತಾತನ ಹತ್ತಿರ ಈ ವಿಷಯ ಎತ್ತಿದೆ. ಅವರು ಪೈಪು ಪಕ್ಕಕ್ಕಿಟ್ಟು ಹೇಳಿದ್ದು ಇಷ್ಟೇ: "ಈಗ ಮರದಲ್ಲಿ ಏನೂ ಇಲ್ಲ ಕಣಪ್ಪ, ಅದಕ್ಕೆ ನಿಮ್ಮ ರೂಮಿಗೆ ಬರ್ತವೆ. ಹಣ್ಣು ಬಿಡ್ಲಿ, ಆಮೇಲೆ ನೋಡು, ನಿಮ್ಮ ಕಡೆ ತಿರುಗಿಯೂ ನೋಡಲ್ಲ."

ನಿಜಾನಾ ಅಂತ ನೋಡೋಣ ಅನ್ನಿಸಿತು. ಅಲ್ಲಿಂದ ಒಂದು ವರ್ಷ, ಇಂಟರ್ನಲ್ಸ್ ಇದ್ದ ವಾರಗಳನ್ನ ಬಿಟ್ಟು, ಕೋತಿಗಳು ಯಾವಾಗ ಎಲ್ಲಿರ್ತವೆ, ಏನು ತಿಂತವೆ ಅಂತ ಬರೆದಿಟ್ಟೆ. ಜೊತೆಗೆ ಸಿಕ್ಕಷ್ಟು ಓದಿದೆ. ತಾತ ಹೇಳಿದ್ದು ಹೆಚ್ಚೂಕಡಿಮೆ ಪೂರ್ತಿ ನಿಜ. ಯಾಕೆ ಅನ್ನೋದನ್ನ ಹೇಳೋದೇ ಈ ಲೇಖನದ ಉದ್ದೇಶ.

ಮೊದಲು, ಇವು ಯಾರು?

ನಮ್ಮ ಕ್ಯಾಂಪಸ್‌ನಲ್ಲಿರೋದು ಬಾನೆಟ್ ಮಕಾಕ್. ವೈಜ್ಞಾನಿಕ ಹೆಸರು ಮಕಾಕಾ ರೇಡಿಯಾಟಾ. ನೆತ್ತಿಯ ನಡುವಿಂದ ಸುತ್ತಲೂ ಹರಡಿದ ಕೂದಲು ಟೋಪಿ ಹಾಕಿದ ಹಾಗೆ ಕಾಣುತ್ತೆ, ಅದಕ್ಕೇ ಆ ಹೆಸರು. ಕಪ್ಪು ಮುಖದ, ಉದ್ದ ಕಾಲಿನ ಮುಸುವ ಬೇರೆ ಪ್ರಾಣಿ. ಕೋತಿ ಅದಕ್ಕಿಂತ ಚಿಕ್ಕದು. ದೊಡ್ಡ ಹೆಣ್ಣು ಕೋತಿಯ ತೂಕ ಸುಮಾರು 4 ಕೆಜಿ, ಅಂದರೆ ಚಾರ್ಜರ್ರು, ಪುಸ್ತಕ ತುಂಬಿದ ನಿಮ್ಮ ಲ್ಯಾಪ್‌ಟಾಪ್ ಬ್ಯಾಗಿನಷ್ಟು. ಗಂಡು ಅದರ ಒಂದೂವರೆ ಪಟ್ಟು, ಕೆಲವೊಮ್ಮೆ ಎರಡು ಪಟ್ಟು ಇರುತ್ತೆ.

ಈ ಜಾತಿ ಇರೋದು ದಕ್ಷಿಣ ಭಾರತದಲ್ಲಿ ಮಾತ್ರ. ಪ್ರಪಂಚದ ಬೇರೆ ಯಾವ ಕಾಡಲ್ಲೂ ಇಲ್ಲ. ಹಿಂದೆ ಇವುಗಳ ಬಗ್ಗೆ ಚಿಂತೆ ಇಲ್ಲ ಅಂತಿದ್ದ ಐಯುಸಿಎನ್ ಕೆಂಪು ಪಟ್ಟಿ 2020ರಲ್ಲಿ ಇವುಗಳನ್ನ 'ವಲ್ನರೆಬಲ್' ಅಂತ ಗುರುತಿಸಿದೆ, ಅಂದರೆ ಅಪಾಯಕ್ಕೆ ಸಿಲುಕಿದ ಜೀವಿಗಳ ಸಾಲಿಗೆ ಸೇರಿಸಿದೆ. ದಿನಾ ಕಿಟಕಿ ಹತ್ತಿರ ಬಂದು ಕೂರೋ ಪ್ರಾಣಿ ಅಪಾಯದಲ್ಲಿದೆ ಅಂದ್ರೆ ನಂಬೋದು ಕಷ್ಟ. ಆ ಒಗಟಿಗೆ ಆಮೇಲೆ ಬರ್ತೀನಿ.

ಇವು ಗುಂಪಾಗಿ ಬದುಕ್ತವೆ. ಹೆಣ್ಣುಗಳು ಹುಟ್ಟಿದ ಗುಂಪಲ್ಲೇ ಕೊನೆತನಕ ಇರ್ತವೆ. ಗಂಡುಗಳು ದೊಡ್ಡವಾದ ಮೇಲೆ ಬೇರೆ ಗುಂಪಿಗೆ ಹೋಗ್ತವೆ. ಹಾಗಾಗಿ ಒಂದು ಊರಿನ ಯಾವ ಮರ ಎಲ್ಲಿದೆ, ಬೇಸಿಗೆಯಲ್ಲಿ ನೀರು ಎಲ್ಲಿ ಸಿಗುತ್ತೆ ಅನ್ನೋದು ಚೆನ್ನಾಗಿ ಗೊತ್ತಿರಬೇಕಾದದ್ದು ಗುಂಪಿನ ಹಿರಿಯ ಹೆಣ್ಣುಗಳಿಗೆ. ನಮ್ಮ ಗುಂಪಲ್ಲಿ ಬಾಲ ತುಂಡಾದ ಒಂದು ಅಜ್ಜಿ ಇದೆ. ಅದು ಎದ್ದ ದಿಕ್ಕಿಗೇ ಉಳಿದವು ಏಳೋದನ್ನ ನಾನೇ ಎಷ್ಟೋ ಸಲ ನೋಡಿದ್ದೀನಿ.

ಬೇಸಿಗೆ: ಈವನ್ ಸೆಮ್, ಕಷ್ಟದ ಸೆಮ್

ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ ಬರುತ್ತೆ. ಆದರೆ ಡಿಸೆಂಬರ್‌ನಿಂದ ಮಾರ್ಚ್ ತನಕ ಬೀಳೋದು ಅದರಲ್ಲಿ ಬಹಳ ಕಡಿಮೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಬನ್ನೇರುಘಟ್ಟ ಕಡೆಯ ಕುರುಚಲು ಕಾಡಲ್ಲಿ ಅರ್ಧ ಮರ ಬೋಳು. ಹುಲ್ಲು ಒಣಗಿ ಹುಳಹುಪ್ಪಟೆಯೂ ಕಡಿಮೆ.

ಸರಿಯಾಗಿ ಇದೇ ಹೊತ್ತಿಗೆ, ಫೆಬ್ರವರಿಯಿಂದ ಏಪ್ರಿಲ್ ಒಳಗೆ, ಹೆಚ್ಚಿನ ಮರಿಗಳು ಹುಟ್ಟೋದು. ಕಷ್ಟದ ಕಾಲದಲ್ಲಿ ಯಾಕೆ ಹೆರ್ತವೆ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಹೊಟ್ಟೆಯಲ್ಲಿ ಮರಿ ಇರೋದು ಐದೂವರೆ ತಿಂಗಳು. ಹೊಟ್ಟೆ ತುಂಬಾ ತಿಂದ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಗಂಡು ಹೆಣ್ಣು ಸೇರಿದರೆ ಮರಿ ಹುಟ್ಟೋದು ಫೆಬ್ರವರಿ, ಮಾರ್ಚ್‌ಗೆ. ಮರಿ ಬೆಳೆದು ಹಾಲು ಜಾಸ್ತಿ ಬೇಕಾಗೋ ಹೊತ್ತಿಗೆ ಮಾವು, ನೇರಳೆ, ಮುಂಗಾರಿನ ಚಿಗುರು ಬಂದಿರುತ್ತೆ. ಮರಿ ತಾನೇ ಬಾಯಿಗೆ ಹಾಕಿಕೊಳ್ಳೋಕೆ ಕಲಿಯೋ ಹೊತ್ತಿಗೆ ಮಳೆಗಾಲದ ಸುಗ್ಗಿ. ಅಂದರೆ ಪ್ರಾಜೆಕ್ಟನ್ನ ಮೊದಲೇ ಶುರು ಮಾಡಿರ್ತವೆ, ಡೆಡ್‌ಲೈನ್ ಹಬ್ಬದ ಹತ್ತಿರ ಬರೋ ಹಾಗೆ.

ಮಧ್ಯದ ಎರಡು ತಿಂಗಳು ಮಾತ್ರ ತಾಯಿಗೆ ಬಿಗಿ. ಆಗ ಅವು ಹೋಗೋದು ಮೂರು ಕಡೆ. ಒಂದು, ಹುಣಸೆಮರ: ಹಣ್ಣಾದ ಹುಣಸೆ, ಹೊಸ ಚಿಗುರು ಎರಡೂ ಆಗುತ್ತೆ. ಎರಡು, ಗುಲ್‌ಮೊಹರ್: ಏಪ್ರಿಲ್‌ನಲ್ಲಿ ನಮ್ಮ ಮೆಕ್ ಬ್ಲಾಕ್ ಮುಂದೆ ಕೆಂಪಗೆ ಬಿದ್ದಿರೋ ಎಸಳುಗಳಲ್ಲಿ ಅರ್ಧ ಇವುಗಳ ಕೆಲಸ, ಮೊಗ್ಗು ಕಿತ್ತು ತಿಂದು ಉಳಿದದ್ದನ್ನ ಬಿಸಾಕ್ತವೆ. ಮೂರು, ನಾವು.

ನೀರೂ ಸೇರಿಸಿಕೊಳ್ಳಿ. 2024ರ ಬೇಸಿಗೆ ನೆನಪಿದೆಯಲ್ಲ? ಬೋರ್‌ವೆಲ್ ಬತ್ತಿ ವೈಟ್‌ಫೀಲ್ಡ್ ಕಡೆ ಅಪಾರ್ಟ್‌ಮೆಂಟ್‌ನವರು ಟ್ಯಾಂಕರ್‌ಗೆ ಕ್ಯೂ ನಿಂತಿದ್ದರು. ಮನುಷ್ಯರಿಗೇ ಆ ಗತಿ ಇದ್ದಾಗ ಕೋತಿಗಳು ಎಲ್ಲಿ ಕುಡೀಬೇಕು? ಸೋರೋ ಸಿಂಟೆಕ್ಸ್ ಟ್ಯಾಂಕು, ಎಸಿ ಪೈಪಿನ ಹನಿ. ಹೀಗಾಗಿ ಬೇಸಿಗೆಯಲ್ಲಿ ಅವುಗಳ ಓಡಾಟದ ನಕ್ಷೆ ಕಟ್ಟಡಗಳ ಸುತ್ತ ಕುಗ್ಗುತ್ತೆ. ಬೆಳಗ್ಗೆ ಹತ್ತರ ಒಳಗೆ ಊಟ ಹುಡುಕಿ, ಮಧ್ಯಾಹ್ನ ಪೂರ್ತಿ ನೆರಳಲ್ಲಿ ಬಿದ್ದುಕೊಂಡು, ಸಂಜೆ ನಾಲ್ಕಕ್ಕೆ ಮತ್ತೆ ಏಳ್ತವೆ. ನಮ್ಮ ಬ್ಯಾಗು ಹೋದದ್ದು ಬೆಳಗ್ಗೆ ಒಂಬತ್ತಕ್ಕೆ.

ಮಳೆಗಾಲ: ಆಡ್ ಸೆಮ್, ಹಬ್ಬದ ಸೆಮ್

ಏಪ್ರಿಲ್ ಕೊನೆಗೆ ಮೊದಲ ಗುಡುಗುಮಳೆ ಬಿದ್ದ ಮೇಲೆ ಚಿತ್ರ ಬದಲಾಗುತ್ತೆ. ಮೇನಲ್ಲಿ ಮಾವು, ಜೂನ್, ಜುಲೈನಲ್ಲಿ ನೇರಳೆ. ಹುಲ್ಲು ಎದ್ದರೆ ಮಿಡತೆ, ಕಂಬಳಿಹುಳ, ಜೇಡ ಎಲ್ಲ ಸಿಗ್ತವೆ. ಕೋತಿ ಬರೀ ಹಣ್ಣು ತಿನ್ನೋ ಪ್ರಾಣಿ ಅಂದುಕೊಂಡಿದ್ದೆ ನಾನು. ಜುಲೈನಲ್ಲಿ ಕ್ರಿಕೆಟ್ ಗ್ರೌಂಡಿನ ಅಂಚಲ್ಲಿ ಇಡೀ ಗುಂಪು ಕೂತು, ಒಂದೊಂದೇ ಹುಲ್ಲು ಸರಿಸಿ ಹುಳ ಹಿಡಿಯೋದನ್ನ ನೋಡಿದ ಮೇಲೆ ಆ ಅಭಿಪ್ರಾಯ ಬಿಟ್ಟೆ.

ಈ ತಿಂಗಳುಗಳಲ್ಲಿ ಅವು ಹರಡಿಕೊಳ್ತವೆ. ಊಟ ಎಲ್ಲ ಕಡೆ ಸ್ವಲ್ಪ ಸ್ವಲ್ಪ ಇರೋದರಿಂದ ಒಂದೇ ಕಡೆ ಕೂತು ಜಗಳ ಆಡೋ ಅಗತ್ಯ ಇಲ್ಲ. ಜೂನ್‌ನಿಂದ ಆಗಸ್ಟ್ ತನಕ ನನ್ನ ನೋಟ್‌ಬುಕ್‌ನಲ್ಲಿ ಹಾಸ್ಟೆಲ್ ಹತ್ತಿರ ಕಂಡ ದಿನಗಳು ತುಂಬ ಕಡಿಮೆ. ಕಂಡಿದ್ದೆಲ್ಲ ಕಾಂಪೌಂಡ್ ಆಚೆ, ಹಳೆ ತೋಪಿನ ಕಡೆ.

ಸೆಪ್ಟೆಂಬರ್ ಬಂದರೆ ಗಂಡುಗಳ ಗಲಾಟೆ ಶುರು. ಹೊರಗಿನ ಗಂಡುಗಳು ಗುಂಪಿಗೆ ಸೇರೋಕೆ ನೋಡ್ತವೆ, ಒಳಗಿನವು ಓಡಿಸ್ತವೆ. ಶೀಟಿನ ಮೇಲೆ ದಡದಡ ಸದ್ದು ಬಂದರೆ ಅದು ನಿಮ್ಮ ಮೇಲಿನ ದ್ವೇಷ ಅಲ್ಲ, ಅವುಗಳ ಸ್ವಂತ ಫೆಸ್ಟ್.

ಚಳಿಗಾಲ: ಬಿಸಿಲು ಕಾಯೋದು, ಹೊಲಕ್ಕೆ ಹೋಗೋದು

ನವೆಂಬರ್, ಡಿಸೆಂಬರ್‌ನಲ್ಲಿ ಆನೇಕಲ್ ಕಡೆ ರಾಗಿ ಕೊಯ್ಲು, ಅದರ ಹಿಂದೆಯೇ ಅವರೆಕಾಯಿ. ಊರಿನವರಿಗೆ ಕೋತಿ ಕಾಟ ಜಾಸ್ತಿ ಆಗೋದು ಆಗ. ನಾವು ಬಿಸ್ಕೆಟ್ ಹೋಯ್ತು ಅಂತ ಅಳ್ತೀವಿ, ಅಲ್ಲಿ ಹೋಗೋದು ಒಂದು ಮನೆಯ ವರ್ಷದ ರಾಗಿ. ಹಿಡಿಸಿ ಕಾಡಿನ ಪಕ್ಕ ಬಿಟ್ಟುಬಿಡಿ ಅನ್ನೋ ಮುಂಚೆ ಇದನ್ನ ನೆನಪಿಟ್ಟುಕೊಳ್ಳಬೇಕು. ಕಾಡಿನ ಪಕ್ಕ ಖಾಲಿ ಜಾಗ ಇಲ್ಲ, ಯಾರದೋ ಹೊಲ ಇದೆ.

ಬೆಳಗ್ಗೆ ಚಳಿಗೆ ಇವು ಬೇಗ ಇಳಿಯೋದಿಲ್ಲ. ಎತ್ತರದ ಮರದ ತುದಿಕೊಂಬೆಗಳಲ್ಲಿ ಒಂದಕ್ಕೊಂದು ಅಂಟಿಕೊಂಡು ಮಲಗಿರ್ತವೆ. ತುದಿಕೊಂಬೆ ಯಾಕೆ? ಚಿರತೆಯಂಥ ಭಾರದ ಪ್ರಾಣಿ ಅಲ್ಲಿ ತನಕ ಬರೋದು ಕಷ್ಟ, ಬಂದರೂ ಕೊಂಬೆ ಅಲುಗಾಡಿ ಗೊತ್ತಾಗುತ್ತೆ. ಬಿಸಿಲು ಬಿದ್ದ ಮೇಲೆ ಅಡ್ಮಿನ್ ಬ್ಲಾಕ್ ಟೆರೇಸಿನ ಪೂರ್ವದ ಅಂಚಲ್ಲಿ ಸಾಲಾಗಿ ಕೂತು ಹೊಟ್ಟೆ ಕಾಯಿಸಿಕೊಳ್ತವೆ. ಎಂಟು ಗಂಟೆ ಕ್ಲಾಸಿಗೆ ಬರೋ ನಮ್ಮ ಮುಖವೂ ಅದೇ ಥರ ಇರುತ್ತೆ.

ವರ್ಷ ಪೂರ್ತಿ ತೆರೆದಿರೋ ಮೆಸ್

ಇಷ್ಟೆಲ್ಲ ಏರಿಳಿತದ ನಡುವೆ ಕೋತಿಗಳನ್ನ ದಾಟಿಸೋದು ಒಂದೇ ಜಾತಿಯ ಮರಗಳು: ಆಲ, ಅರಳಿ, ಅತ್ತಿ, ಬಸರಿ, ಗೋಣಿ. ಸಸ್ಯಶಾಸ್ತ್ರದಲ್ಲಿ ಎಲ್ಲವೂ ಫೈಕಸ್ ಕುಲ. ಇವುಗಳ ಕೆಲಸ ಎಂಜಿನಿಯರ್‌ಗಳಿಗೆ ಖಂಡಿತ ಇಷ್ಟ ಆಗುತ್ತೆ.

ಮಾವಿನಮರಗಳು ಒಂದೂರಲ್ಲಿ ಎಲ್ಲವೂ ಹೆಚ್ಚೂಕಡಿಮೆ ಒಟ್ಟಿಗೇ ಹಣ್ಣು ಬಿಡ್ತವೆ. ಎರಡು ತಿಂಗಳು ಸುಗ್ಗಿ, ಹತ್ತು ತಿಂಗಳು ಸೊನ್ನೆ. ಫೈಕಸ್ ಹಾಗಲ್ಲ. ಒಂದು ಆಲದಮರದಲ್ಲಿ ಹಣ್ಣು ಒಟ್ಟಿಗೇ ಮಾಗುತ್ತೆ, ಆದರೆ ಪಕ್ಕದ ರಸ್ತೆಯ ಆಲ ಬೇರೆ ತಿಂಗಳಲ್ಲಿ ಮಾಗಬಹುದು.

ಕಾರಣ ಒಂದು ಕಣಜ. ನಾವು ಅತ್ತಿಹಣ್ಣು ಅನ್ನೋದು ನಿಜಕ್ಕೂ ಒಳಮುಖವಾಗಿ ಮಡಚಿದ ಹೂಗೊಂಚಲು, ಹೂಗಳೆಲ್ಲ ಒಳಗೆ. ಪರಾಗಸ್ಪರ್ಶ ಮಾಡೋದು ಸಾಸಿವೆಗಿಂತ ಸಣ್ಣ ಕಣಜ, ಸಾಮಾನ್ಯವಾಗಿ ಒಂದೊಂದು ಜಾತಿಯ ಮರಕ್ಕೆ ಅದರದ್ದೇ ಕಣಜ. ಹೆಣ್ಣು ಕಣಜ ಹಣ್ಣಿಂದ ಹೊರಗೆ ಬಂದ ಮೇಲೆ ಬದುಕೋದು ಒಂದೆರಡು ದಿನ. ಅಷ್ಟರಲ್ಲಿ ಅದೇ ಜಾತಿಯ ಇನ್ನೊಂದು ಮರ, ಎಳೇ ಕಾಯಿ ಬಿಟ್ಟು ಕಾಯ್ತಿರೋ ಮರ, ಸಿಗಬೇಕು. ಎಲ್ಲ ಮರಗಳೂ ಒಂದೇ ಹೊತ್ತಲ್ಲಿ ಮಾಗಿದರೆ ಕಣಜದ ಸಂತತಿಯೇ ಕಡಿದುಹೋಗುತ್ತೆ, ಆಮೇಲೆ ಮರದ್ದೂ. ಅದಕ್ಕೇ ಮರಗಳ ನಡುವೆ ಈ ಹಂತದ ವ್ಯತ್ಯಾಸ.

ಪೀಣ್ಯದ ವರ್ಕ್‌ಶಾಪಿಗೆ ತ್ರೀ ಫೇಸ್ ಯಾಕೆ ಕೊಡ್ತಾರೆ ಅಂತ ಫಸ್ಟ್ ಇಯರ್‌ನಲ್ಲೇ ಓದಿದ್ದೀವಿ. ಒಂದು ಫೇಸ್ ಸೊನ್ನೆಗೆ ಇಳಿದಾಗ ಇನ್ನೊಂದು ಮೇಲಿರುತ್ತೆ, ಮೋಟಾರಿಗೆ ಒಟ್ಟು ಸಿಗೋ ಪವರ್ ಏರಿಳಿಯಲ್ಲ. ಹತ್ತಾರು ಫೈಕಸ್ ಮರ ಇರೋ ಊರಲ್ಲಿ ಕೋತಿಗೆ ಸಿಗೋದು ಅದೇ ಥರದ ಸಪ್ಲೈ. ಮೂರು ಮರ ಕಡಿದು ಎರಡು ಉಳಿಸಿದರೆ "ಮರ ಇದೆಯಲ್ಲ" ಅನ್ನಬಹುದು, ಆದರೆ ನಡುವೆ ಸೊನ್ನೆಯ ವಾರಗಳು ಬರ್ತವೆ. ಆ ವಾರಗಳಲ್ಲಿ ಅವು ನಮ್ಮ ಕಿಟಕಿಗೆ ಬರ್ತವೆ. ನಮ್ಮ ಹಾಸ್ಟೆಲ್ ಹಿಂದಿನ ಅರಳಿ ಮೇನಲ್ಲಿ ಹಣ್ಣು ಬಿಟ್ಟಾಗ ಗುಂಪು ಐದಾರು ದಿನ ಅಲ್ಲೇ ಇತ್ತು, ಹತ್ತು ಮೀಟರ್ ದೂರದ ನಮ್ಮ ಕಾರಿಡಾರಿಗೆ ಒಂದೂ ಬರಲಿಲ್ಲ. ತಾತನ ಮಾತು ನಿಜ ಅಂತ ನನಗೆ ಗೊತ್ತಾಗಿದ್ದು ಆ ವಾರ.

ಹಾಗಾದ್ರೆ ಎಲ್ಲಿ ಕೆಟ್ಟಿತು?

ಎರಡು ಕಡೆ. ಮೊದಲನೆಯದು ರಸ್ತೆಬದಿ. ಹಿಂದಿನವರು ದಾರಿಯುದ್ದಕ್ಕೂ ಸಾಲುಮರ ನೆಡ್ತಿದ್ದರು, ಹೆಚ್ಚಾಗಿ ಆಲ, ಗೋಣಿ. ಹುಲಿಕಲ್‌ನಿಂದ ಕುದೂರಿನ ದಾರಿಯಲ್ಲಿ ಸಾಲುಮರದ ತಿಮ್ಮಕ್ಕ ದಂಪತಿ ನೆಟ್ಟದ್ದೂ ಆಲವೇ. ಮನುಷ್ಯನಿಗೆ ಅದು ನೆರಳು, ಕೋತಿಗೆ ಊಟ, ಹಾಸಿಗೆ, ರಸ್ತೆ ಮೂರೂ. ರಸ್ತೆ ಅಗಲ ಆದಾಗೆಲ್ಲ ಮೊದಲು ಹೋಗೋದು ಈ ಸಾಲು.

ಮೈಸೂರು ವಿಶ್ವವಿದ್ಯಾಲಯದ ಪ್ರೊ. ಮೇವಾ ಸಿಂಗ್ ಮತ್ತು ಅವರ ಸಂಗಡಿಗರು 1989ರಿಂದ 2009ರ ತನಕ ಮೈಸೂರು ಸುತ್ತಲಿನ ರಸ್ತೆಗಳಲ್ಲಿ ಇದೇ ಕೋತಿಗಳನ್ನ ಮತ್ತೆ ಮತ್ತೆ ಎಣಿಸಿದರು. ಆ 20 ವರ್ಷದಲ್ಲಿ ಸಂಖ್ಯೆ ಅರ್ಧಕ್ಕಿಂತಲೂ ಕೆಳಗೆ ಬಿತ್ತು. ಅವರು ಮುಖ್ಯವಾಗಿ ಬೊಟ್ಟು ಮಾಡಿದ ಕಾರಣಗಳಲ್ಲಿ ರಸ್ತೆಬದಿಯ ಫೈಕಸ್ ಮರಗಳು ಹೋದದ್ದು ಒಂದು.

ಎರಡನೆಯದು ನಮ್ಮ ಊಟ. 2018ರಲ್ಲಿ ಬೆಂಗಳೂರಿನ ನಿಯಾಸ್ ಸಂಸ್ಥೆಯ ಸಂಶೋಧಕರು ಬಂಡೀಪುರದ ಕೋತಿಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಅಲ್ಲಿ ಕೋತಿಗಳು ಪ್ರವಾಸಿಗರ ಕಡೆ ಕೈ ಚಾಚಿ, ವಿಶೇಷವಾದ ಒಂದು 'ಕೂ' ಸದ್ದು ಮಾಡಿ ಊಟ ಕೇಳ್ತವೆ. ನಮ್ಮನ್ನ ಓದೋದನ್ನ ಅವು ಕಲಿತಿವೆ. ಅದೂ ಅಲ್ಲದೆ ಕೋತಿಗೆ ಕೆನ್ನೆಯೊಳಗೆ ಚೀಲ ಇದೆ. ಸಿಕ್ಕಿದ್ದನ್ನ ಅಗಿಯದೆ ಅಲ್ಲಿ ತುಂಬಿಕೊಂಡು ಓಡಿ, ಆಮೇಲೆ ನಿಧಾನ ತಿಂತವೆ. ಹತ್ತು ಸೆಕೆಂಡು ಸಿಕ್ಕರೂ ಅವಕ್ಕೆ ಸಾಕು.

ನಮ್ಮ ಮೆಸ್ ಹಿಂದಿನ ಮುಚ್ಚಳ ಇಲ್ಲದ ಡ್ರಮ್ಮಿಗೆ ಬೇಸಿಗೆ, ಮಳೆಗಾಲ ಅಂತ ಇಲ್ಲ, ಪ್ರತಿದಿನ ಮಧ್ಯಾಹ್ನ ಎರಡೂವರೆಗೆ ಅನ್ನ ಬೀಳುತ್ತೆ. ಇಂಥ ಜಾಗ ಸಿಕ್ಕರೆ ಗುಂಪು ಹರಡಿಕೊಳ್ಳೋದನ್ನ ಬಿಡುತ್ತೆ. ಹತ್ತು ಊರಲ್ಲಿ ಹಂಚಿಹೋಗಬೇಕಿದ್ದ ಕೋತಿಗಳು ಒಂದೇ ಕಡೆ ಸೇರ್ತವೆ, ಒಂದೇ ಡ್ರಮ್ಮಿಗೆ ಜಗಳ ಆಡ್ತವೆ. ಮೊದಲು ಹೇಳಿದ ಒಗಟಿಗೆ ಉತ್ತರ ಇದೇ. ಕೋತಿ ಜಾಸ್ತಿ ಆಗಿದೆ ಅಂತ ನಮಗೆ ಅನ್ನಿಸ್ತಾ ಇರೋವಾಗಲೇ ಒಟ್ಟು ಸಂಖ್ಯೆ ಇಳೀತಾ ಇರಬಹುದು, ಯಾಕಂದ್ರೆ ಉಳಿದಿರೋವೆಲ್ಲ ನಮ್ಮ ಕಣ್ಮುಂದೆ ಬಂದು ಕೂತಿವೆ.

ಹಿಡಿದು ಸಾಗಿಸೋದು ಯಾಕೆ ಕೆಲಸ ಮಾಡಲ್ಲ ಅನ್ನೋದೂ ಇದರಲ್ಲೇ ಇದೆ. ಮನುಷ್ಯರ ಊಟ ರೂಢಿಯಾದ ಗುಂಪನ್ನ ಕಾಡಂಚಲ್ಲಿ ಬಿಟ್ಟರೆ ಅದು ಹುಡುಕೋದು ಹತ್ತಿರದ ಊರನ್ನ. ಇಲ್ಲಿ ಡ್ರಮ್ಮು ಹಾಗೇ ಇದ್ದರೆ ಖಾಲಿಯಾದ ಜಾಗಕ್ಕೆ ಪಕ್ಕದ ಗುಂಪು ಬರುತ್ತೆ. ಮರ ಕಡಿದರಂತೂ ವರ್ಷದಲ್ಲಿ ಅವು ನಮ್ಮನ್ನ ಮರೆತಿರೋ ಆ ನಾಲ್ಕಾರು ವಾರಗಳೂ ಹೋಗ್ತವೆ.

ನಾವು ಮಾಡಬಹುದಾದದ್ದು

ಮರ ಮತ್ತು ಪಾರ್ಕಿಂಗ್ ವಿಷಯ ಈ ಸೆಮ್ ಮುಗಿಯೋದ್ರೊಳಗೆ ಕ್ಯಾಂಪಸ್ ಕಮಿಟಿ ಮುಂದೆ ಬರುತ್ತೆ ಅಂತ ಕೇಳಿದ್ದೀನಿ. ಅಷ್ಟರಲ್ಲಿ ಕನ್ನಡ ಸಂಘದಿಂದ ಒಂದು ಮನವಿ ಕೊಡೋಣ ಅಂತ ಇದ್ದೀವಿ. ಕೇಳೋದು ನಾಲ್ಕೇ. ಮೆಸ್ ಡ್ರಮ್ಮಿಗೆ ಕೊಂಡಿ ಇರೋ ಮುಚ್ಚಳ. ಹಿಂಭಾಗದ ಕಿಟಕಿಗಳಿಗೆ ಮೆಶ್. ಪಾರ್ಕಿಂಗನ್ನ ಮರದ ಸುತ್ತ ಬಿಟ್ಟು ಪ್ಲಾನ್ ಮಾಡೋದು. ಸಿವಿಲ್‌ನವರು ಇದ್ದೀರಲ್ಲ, ಒಂದು ಡ್ರಾಯಿಂಗ್ ಮಾಡಿಕೊಡಿ. ಮತ್ತೆ ಎಸ್‌ಟಿಪಿ ನೀರು ಹೋಗೋ ಕಡೆ, ಕಾಂಪೌಂಡಿನ ತುದಿಯಲ್ಲಿ, ನಾಲ್ಕು ಅತ್ತಿ ಗಿಡ. ಅತ್ತಿಗೆ ತೇವದ ಜಾಗ ಇಷ್ಟ, ವರ್ಷಕ್ಕೆ ಹಲವು ಸಲ ಹಣ್ಣು ಬಿಡುತ್ತೆ.

ನಮ್ಮ ಕಡೆಯಿಂದ: ಊಟ ಕೊಡಬೇಡಿ, ಪ್ರೀತಿಗೂ ಬೇಡ, ರೀಲ್ಸ್‌ಗೂ ಬೇಡ. ಎದುರಾದರೆ ಹಲ್ಲು ಕಿಸಿದು ನಗಬೇಡಿ, ಕಣ್ಣಿಗೆ ಕಣ್ಣಿಟ್ಟು ನೋಡಬೇಡಿ, ಅವು ಎರಡನ್ನೂ ಬೆದರಿಕೆ ಅಂದುಕೊಳ್ಳಬಹುದು. ಮಾರ್ಚ್, ಏಪ್ರಿಲ್‌ನಲ್ಲಿ ಕಪ್ಪು ಮರಿ ಹೊತ್ತ ತಾಯಿಯಿಂದ ದೂರ ಇರಿ. ಕಚ್ಚಿದರೆ ಅಥವಾ ಪರಚಿದರೆ ಹರಿಯೋ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ. ರೇಬಿಸ್ ಲಸಿಕೆ ಬೇಕಾಗಬಹುದು, "ಸಣ್ಣ ಗಾಯ" ಅಂತ ಬಿಡಬೇಡಿ.

ಇನ್ನು ಆಸಕ್ತಿ ಇದ್ದವರಿಗೆ ಒಂದು ಕೆಲಸ. ಕ್ಯಾಂಪಸ್‌ನ ಒಂದು ಮರ ಆರಿಸಿಕೊಳ್ಳಿ. ವಾರಕ್ಕೊಮ್ಮೆ ಎರಡು ನಿಮಿಷ ನಿಂತು ಚಿಗುರು, ಹೂವು, ಕಾಯಿ, ಹಣ್ಣು ಎಷ್ಟಿದೆ ಅಂತ ಬರೆಯಿರಿ. ದೇಶದ ತುಂಬ ಜನ ಇದೇ ಥರ ಮರಗಳನ್ನ ನೋಡಿ ದಾಖಲಿಸೋ ಸೀಸನ್‌ವಾಚ್ ಅನ್ನೋ ಯೋಜನೆ ಇದೆ, ಅಲ್ಲಿಗೂ ಸೇರಿಸಬಹುದು. ನನ್ನ ನೋಟ್‌ಬುಕ್ ಒಬ್ಬನ ಒಂದು ವರ್ಷದ್ದು, ಅದರಲ್ಲಿ ತೂತುಗಳು ಬಹಳ. ಇಪ್ಪತ್ತು ಜನ ಇಪ್ಪತ್ತು ಮರ ನೋಡಿದರೆ, ಕೋತಿ ಯಾವ ವಾರ ಹಾಸ್ಟೆಲ್‌ಗೆ ಬರುತ್ತೆ ಅಂತ ಮುಂಚೆಯೇ ನೋಟಿಸ್ ಬೋರ್ಡಲ್ಲಿ ಹಾಕಬಹುದು.

ಮೊಸರು ತಾನು ತಿಂದು ಮೇಕೆ ಬಾಯಿಗೆ ಒರೆಸಿತು ಅಂತ ಕೋತಿ ಮೇಲೆ ಒಂದು ಗಾದೆ ಇದೆ. ಡ್ರಮ್ಮು ತೆರೆದಿಟ್ಟವರು ನಾವು, ಮರ ಕಡಿಯೋಕೆ ಹೊರಟವರು ನಾವು, ತಪ್ಪು ಮಾತ್ರ ಕೋತಿಯದ್ದು. ಈ ಸಲ ಆ ಗಾದೆ ನಮಗೇ ಸರಿಹೊಂದುತ್ತೆ.

ಅಂದ ಹಾಗೆ ಈ ವಾರ ಅರಳಿಮರದಲ್ಲಿ ಸಣ್ಣ ಹಸಿರು ಕಾಯಿ ಬಂದಿದೆ. ಅದು ಮಾಗೋ ತನಕ ಬ್ಯಾಗು ಕಿಟಕಿ ಹತ್ತಿರ ಇಡಬೇಡಿ.